ಇಂಗ್ಲಿಷ್‌ನಲ್ಲಿ ನೌನ್ ಯಾವುದು ವರ್ಬ್ ಯಾವುದು, ಮಗಳಿಗೆ ಹೇಗೆ ಹೇಳಿಕೊಡೂದು?

ಕುಮಟಾ ಅಮ್ಮ:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಡೌಟು, ಸಣ್ಣದು ಅಂತ ನಾನು ಅಂದ್ಕೊಂಡಿದ್ದೆ ಆದ್ರೆ ಮೂರು ದಿನದಿಂದ ನಮ್ಮನೇಲಿ ಇದೇ ಗಲಾಟೆ. ಮಗಳು ಏಳನೇ ತನಕ ಊರಿನ ಕನ್ನಡ ಶಾಲೇಲಿ ಕಲ್ತವಳು, ಈ ವರ್ಷ ಎಂಟನೇಗೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ. ಮೊನ್ನೆ ಟೆಸ್ಟಲ್ಲಿ ನೌನ್ ಕೆಳಗೆ ಒಂದು ಗೆರೆ, ವರ್ಬ್ ಕೆಳಗೆ ಎರಡು ಗೆರೆ ಎಳೀರಿ ಅಂತ ಕೊಟ್ಟಿದ್ರಂತೆ, ಹತ್ತಕ್ಕೆ ನಾಲ್ಕು ತಂದಿದ್ದಾಳೆ.

ನಾಲ್ಕು ಬಂದಿದ್ದಕ್ಕೆ ನಂಗೆ ಬೇಜಾರಿಲ್ಲ, ಎಂತಕ್ಕೆ ತಪ್ಪು ಅಂತ ನಂಗೇ ಗೊತ್ತಾಗ್ಲಿಲ್ಲ ನೋಡಿ, ಅದು ಬೇಜಾರು. ‘ಫಿಶಿಂಗ್ ಈಸ್ ಬ್ಯಾನ್ಡ್ ಇನ್ ಜೂನ್ ಆಂಡ್ ಜುಲೈ’ ಅಂತ ಒಂದು ವಾಕ್ಯ, ಇವಳು ಫಿಶಿಂಗ್ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ತಪ್ಪಂತೆ. ಮೀನು ಹಿಡಿಯೂದು ಕೆಲಸ ಅಲ್ವಾ, ಇವರಪ್ಪ ತದಡಿ ಬಂದರಿಂದ ಬೋಟಿಗೆ ಹೋಗೂದು, ಈಗ ಬಂದ್ ಟೈಮಲ್ಲಿ ಜಗಲಿ ಮೇಲೆ ಕೂತು ಬಲೆ ಹೊಲೀತಾ ಇದ್ದಾರೆ, ಅವರೇ ಕೇಳಿದ್ರು, ನಾನು ಇಷ್ಟು ವರ್ಷ ಮಾಡಿದ್ದು ಕೆಲಸ ಅಲ್ಲದಿದ್ರೆ ಮತ್ತೆಂತದು ಅಂತ. ‘ಹರ್ ಡಾನ್ಸ್ ವಾಸ್ ಬ್ಯೂಟಿಫುಲ್’, ಡಾನ್ಸ್ ವರ್ಬ್ ಅಂತ ಬರ್ದಿದ್ದು ತಪ್ಪು. ‘ಪ್ಲೀಸ್ ವಾಟರ್ ದ ಪ್ಲಾಂಟ್ಸ್’, ವಾಟರ್ ಅಂದ್ರೆ ನೀರು, ನೀರು ನೌನ್ ಅಂತ ಒಂದು ಗೆರೆ, ಅದೂ ತಪ್ಪು. ‘ವೀ ಹ್ಯಾವ್ ಎ ಬೋಟ್’ ಅನ್ನೂದ್ರಲ್ಲಿ ಇವಳಿಗೆ ವರ್ಬೇ ಸಿಗ್ಲಿಲ್ಲ, ಯಾರೂ ಎಂತದೂ ಮಾಡ್ತಾ ಇಲ್ವಲ್ಲ ಅಮ್ಮ ಅಂತಾಳೆ.

ನಾನು ಓದಿದ್ದು ಪಿಯುಸಿ, ನಂಗೂ ಶಾಲೇಲಿ ಕಲ್ಸಿದ್ದು ಹೆಸರು ಹೇಳೂದು ನೌನ್, ಕೆಲಸ ಹೇಳೂದು ವರ್ಬ್, ಅಷ್ಟೇ. ಅವಳ ಕ್ಲಾಸಿನ ಅಕ್ಕೋರ (ಟೀಚರ್) ಹತ್ರ ಕೇಳು ಅಂದ್ರೆ ಹೊಸ ಶಾಲೆ, ನಾಚಿಕೆ ಅಂತಾಳೆ. ಬಾಯಿಪಾಠ ಮಾಡೂದಕ್ಕೆ ಎಂತಾದ್ರೂ ಲಿಸ್ಟ್ ಇದ್ಯಾ? ಯಾರಾದ್ರೂ ಬಿಡ್ಸಿ ಹೇಳಿ.

ಅಂಕೋಲೆ ಹುಡ್ಗ:

ಸಿಂಪಲ್ ಅಕ್ಕ, ವ್ಯಕ್ತಿ ವಸ್ತು ಜಾಗ ಅಂದ್ರೆ ನೌನ್, ಆಕ್ಷನ್ ಇದ್ರೆ ವರ್ಬ್. ತಲೆ ಕೆಡಿಸ್ಕೋಬೇಡಿ.

ಕುಮಟಾ ಅಮ್ಮ:

ತಮ್ಮಾ, ಅದನ್ನೇ ನಂಬಿ ಆರು ಮಾರ್ಕ್ಸ್ ಹೋಗಿದ್ದು. ‘ಮೈ ವರ್ಕ್ ಈಸ್ ಓವರ್’ ಅಂದ್ರೆ ಅದ್ರಲ್ಲಿ ವರ್ಕ್ ಎಂತದು ಹೇಳು? ಕೆಲಸ ಅನ್ನೋ ಶಬ್ದವೇ ಅದು!

ಅಂಕೋಲೆ ಹುಡ್ಗ:

ಹೌದಲ್ಲ 😅 ನಾನೂ ಫಾಲೋ ಮಾಡ್ತೆ ಈ ಥ್ರೆಡ್.

ಮಾಸ್ತರು ಶಿರಸಿ:

ತಂಗೀ, ನಾನು ಶಿರಸಿ ಸಿದ್ದಾಪುರದ ಕಡೆ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವ, ನಿಮ್ಮ ಮಗಳು ಮಾಡಿದ ತಪ್ಪನ್ನ ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ, ಅದ್ರಲ್ಲಿ ಮೊದಲ ಹತ್ತು ವರ್ಷ ನಾನೂ ಅದೇ ‘ಕೆಲಸ ಅಂದ್ರೆ ವರ್ಬ್’ ಹೇಳಿಕೊಟ್ಟು ಆಮೇಲೆ ಅದನ್ನೇ ತಿದ್ದಿದ್ದು, ಹಾಗಾಗಿ ಪಾಪದಲ್ಲಿ ನಂದೂ ಪಾಲು ಉಂಟು. ಲಿಸ್ಟ್ ಮಾತ್ರ ಬೇಡ. ವಾಟರ್ ಅನ್ನೂದನ್ನ ಯಾವ ಲಿಸ್ಟಿಗೆ ಹಾಕ್ತೀರಿ? ಎರಡಕ್ಕೂ ಹಾಕ್ಬೇಕಾಗ್ತದೆ. ಬುಕ್, ಕುಕ್, ಫಿಶ್, ವಾಕ್, ಕಾಲ್, ಹೆಲ್ಪ್, ಐಸ್, ನೆಟ್ ಎಲ್ಲಾ ಎರಡೂ ಕಡೆ.

ಮೊದಲು ಕನ್ನಡದಲ್ಲೇ ನೋಡಿ. ‘ಹಾಡು’ ನೌನಾ ವರ್ಬಾ? ‘ಒಂದು ಹಾಡು ಹಾಡು’ ಅಂತ ನಾವು ದಿನಾ ಹೇಳ್ತೇವೆ, ಮೊದಲನೇದು ನಾಮಪದ, ಎರಡನೇದು ಕ್ರಿಯಾಪದ, ಯಾರಿಗೂ ಗೊಂದಲ ಆಗೂದಿಲ್ಲ. ನಗು, ಅಳು, ಬೆಳೆ, ನಡೆ, ನುಡಿ ಎಲ್ಲಾ ಹಾಗೇ. ಗೊಂದಲ ಎಂತಕ್ಕೆ ಆಗೂದಿಲ್ಲ ಅಂದ್ರೆ ಕನ್ನಡದ ಶಬ್ದಕ್ಕೆ ಬಾಲ ಉಂಟು. ಹಾಡಿನ, ಹಾಡಿಗೆ, ಹಾಡಲ್ಲಿ ಅಂತ ವಿಭಕ್ತಿ ಹತ್ತಿದ್ರೆ ನಾಮಪದ, ಹಾಡಿದ, ಹಾಡ್ತಾಳೆ, ಹಾಡ್ಲಿಲ್ಲ ಅಂತ ಕಾಲ ಹತ್ತಿದ್ರೆ ಕ್ರಿಯಾಪದ. ಹಾಡಿನ ಮತ್ತೆ ಹಾಡಿದ, ಒಂದಕ್ಷರದ ವ್ಯತ್ಯಾಸ, ಅಷ್ಟರಲ್ಲಿ ನಮ್ಮ ಕಿವಿಗೆ ಗೊತ್ತಾಗಿ ಹೋಗ್ತದೆ.

ಇಂಗ್ಲಿಷಿಗೂ ಹಿಂದೆ ಇಂಥ ಬಾಲ ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಪ್ರೀತಿಗೆ ‘ಲುಫು’ ಅಂತ ಬರೀತಿದ್ರು, ಪ್ರೀತಿಸೂದಕ್ಕೆ ‘ಲುಫಿಯನ್’. ಬರ್ತಾ ಬರ್ತಾ ಆ ಬಾಲ ಎಲ್ಲಾ ಸವೆದು ಹೋಯ್ತು, ಈಗ ಎರಡಕ್ಕೂ ಲವ್. ಬಾಲ ಹೋದ ಮೇಲೆ ಗುರುತು ಹಿಡಿಯೂದು ಹೇಗೆ, ಶಬ್ದ ಕೂತ ಜಾಗ ನೋಡಿ, ಅದರ ಎದುರಿಗೆ ಯಾರು ನಿಂತಿದ್ದಾರೆ ನೋಡಿ. ಯಕ್ಷಗಾನ ಆಟದ ಚೌಕಿ, ಅಂದ್ರೆ ಬಣ್ಣ ಹಚ್ಚೋ ಕೋಣೆ, ಅದರ ಒಳಗೆ ಹೋಗಿ ಒಬ್ಬ ಕಲಾವಿದನ ಮುಖ ನೋಡಿ ಇವ ಭೀಮನಾ ಕೌರವನಾ ಅಂತ ಕೇಳಿದ್ರೆ ಹೇಳ್ಲಿಕ್ಕೆ ಬರ್ತದಾ, ನಿನ್ನೆ ಅದಾಗಿದ್ದ, ಇವತ್ತು ಇದು, ವೇಷ ಕಟ್ಟಿ ರಂಗಸ್ಥಳಕ್ಕೆ ಬಂದ ಮೇಲೆ ಮಾತ್ರ ಹೇಳಬಹುದು. ಹಾಗೇ, ವಾಕ್ಯದ ಹೊರಗೆ ‘ಡಾನ್ಸ್ ಎಂತದು’ ಅಂತ ಕೇಳೂದೇ ತಪ್ಪು ಪ್ರಶ್ನೆ. ಡಿಕ್ಷನರಿ ತೆಗೆದು ನೋಡಿ, ಒಂದೇ ಶಬ್ದದ ಕೆಳಗೆ ನೌನ್ ಅಂತ ಒಂದು ಗುಂಪು, ವರ್ಬ್ ಅಂತ ಇನ್ನೊಂದು ಗುಂಪು ಕೊಟ್ಟಿರ್ತಾರೆ.

ಈಗ ನಿಮ್ಮ ವಾಕ್ಯಕ್ಕೆ ಬನ್ನಿ. ಎದುರಿಗೆ ಎ, ಆನ್, ದ, ಮೈ, ಹರ್, ದಿಸ್, ಸಮ್ ಇಂಥವು ಇದ್ರೆ ಸಾಧಾರಣ ಹಿಂದೆ ನೌನ್ ಬರ್ತದೆ, ತಕ್ಷಣ ಅಲ್ಲದಿದ್ರೂ ಮಧ್ಯ ಒಂದೆರಡು ಶಬ್ದ ಬಿಟ್ಟು. ‘ಹರ್ ಡಾನ್ಸ್’, ಹರ್ ಇತ್ತಲ್ಲ, ಅಲ್ಲಿಗೆ ಅದು ನೌನ್. ಕೆನ್, ವಿಲ್, ಮಸ್ಟ್, ಡೋಂಟ್ ಇವುಗಳ ಹಿಂದೆ ಬಂದ್ರೆ ವರ್ಬ್. ‘ಶೀ ಕೆನ್ ಡಾನ್ಸ್’. ಪ್ಲೀಸ್ ಅಂತ ಶುರುಮಾಡಿ ಅಪ್ಪಣೆ ಕೊಟ್ರೆ ಅದರ ಹಿಂದಿದ್ದು ಸಾಧಾರಣ ವರ್ಬ್, ‘ಪ್ಲೀಸ್ ವಾಟರ್’ ಅಂದ್ರೆ ನೀರು ಹಾಕು. ವಾಟರ್ ಅಂದ ಕೂಡ್ಲೆ ನೀರು ಅಂತ ಕನ್ನಡಕ್ಕೆ ತಂದು, ಆ ಕನ್ನಡ ಶಬ್ದಕ್ಕೆ ಗೆರೆ ಎಳೆದಿದ್ದಾಳೆ ಅವಳು, ಎಲ್ಲರೂ ಎಡವೂದು ಅಲ್ಲೇ.

‘ಹ್ಯಾವ್’ಗೆ ಬೇರೆ ಉಪಾಯ. ವಾಕ್ಯಕ್ಕೆ ‘ನಿನ್ನೆ’ ಅಥವಾ ‘ಹೋದ ವರ್ಷ’ ಅಂತ ಸೇರಿಸಿ ಓದ್ಲಿಕ್ಕೆ ಹೇಳಿ. ಯಾವ ಶಬ್ದ ಬದಲಾಗ್ತದೋ ಅದು ವರ್ಬ್. ವೀ ಹ್ಯಾವ್ ಎ ಬೋಟ್, ಹೋದ ವರ್ಷ ವೀ ಹ್ಯಾಡ್ ಎ ಬೋಟ್. ಬೋಟ್ ಬದಲಾಗ್ಲಿಲ್ಲ, ಹ್ಯಾವ್ ಹ್ಯಾಡ್ ಆಯ್ತು. ಈಸ್ ವಾಸ್ ಆಗ್ತದೆ, ಗೊತ್ತು ಅನ್ನೂದಕ್ಕೆ ಹೇಳೋ ನೋ ನ್ಯೂ ಆಗ್ತದೆ. ಯಾರೂ ಕೈಕಾಲು ಆಡಿಸ್ಬೇಕಂತಿಲ್ಲ, ಕಾಲ ಹೊತ್ಕೊಂಡು ತಿರುಗೂದೇ ವರ್ಬಿನ ಕೆಲಸ. ಕಟ್, ಪುಟ್, ಹಿಟ್, ಶಟ್ ಅಂಥ ಕೆಲವು ಮೊಂಡ ಇವೆ, ಏನು ಮಾಡಿದ್ರೂ ಬದಲಾಗೂದಿಲ್ಲ, ಅವನ್ನ ಮಾತ್ರ ಬಾಯಿಪಾಠ ಮಾಡ್ಸಿ.

ಒಂದು ಗುಂಡಿ ಇದೆ, ಹೇಳಿಬಿಡ್ತೇನೆ. ಟು ಬಂದ್ರೆ ಹಿಂದೆ ವರ್ಬ್ ಅಂತ ಕೆಲವು ಗೈಡುಗಳಲ್ಲಿ ಕಣ್ಣುಮುಚ್ಚಿ ಬರ್ದಿರ್ತಾರೆ. ‘ಐ ವಾಂಟ್ ಟು ವರ್ಕ್’ನಲ್ಲಿ ಸರಿ. ‘ಐ ಗೋ ಟು ವರ್ಕ್ ಬೈ ಬಸ್’ನಲ್ಲಿ ವರ್ಕ್ ನೌನ್, ಅಲ್ಲಿ ಟು ಅಂದ್ರೆ ನಮ್ಮ ‘ಕೆಲಸಕ್ಕೆ’ಯ ಕ್ಕೆ. ಇದು ಎಂಟನೇ ಕ್ಲಾಸಿಗೆ ಈಗ್ಲೇ ಬೇಡ, ನಿಮಗೆ ಗೊತ್ತಿರ್ಲಿ ಅಂತ.

ಕಾರವಾರದಂವ:

ಮಾಸ್ತರು ಚೆಂದ ಹೇಳಿದ್ರು. ನಂದೊಂದು ಸೇರಿಸ್ತೆ. ನಮ್ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಈಗ ಬಂದರಿನ ಕಡೆ ಹಡಗಿನ ಕಾಗದಪತ್ರದ ಕೆಲಸ, ದಿನಾ ಇಂಗ್ಲಿಷ್. ನನ್ನ ಅನುಭವದಲ್ಲಿ ನಮ್ಮ ಮಕ್ಕಳಿಗೆ ವರ್ಬ್ ಕಾಣದೇ ಇರೋದಕ್ಕೆ ದೊಡ್ಡ ಕಾರಣ ನಮ್ಮ ‘ಮಾಡು’.

ನೋಡಿ, ನಾವು ಕನ್ನಡದಲ್ಲಿ ಕಾಲ್ ಮಾಡು, ವಾಕ್ ಮಾಡು, ಸೆಲೆಬ್ರೇಟ್ ಮಾಡು, ಟಿಕೆಟ್ ಬುಕ್ ಮಾಡು, ಗೂಗಲ್ ಮಾಡು ಅಂತೇವೆ. ಇಂಗ್ಲಿಷಿನ ಅಪ್ಪಟ ವರ್ಬನ್ನ ತಂದು ಅದರ ಪಕ್ಕದಲ್ಲಿ ಮಾಡು ಇಟ್ಟ ಕೂಡ್ಲೆ ವರ್ಬಿನ ಕೆಲಸ ಪೂರಾ ಮಾಡು ಮಾಡ್ತದೆ, ಆ ಇಂಗ್ಲಿಷ್ ಶಬ್ದ ಸುಮ್ಮನೆ ಸಾಮಾನಿನ ಹಾಗೆ ಕೂತಿರ್ತದೆ. ಮಗು ಹುಟ್ಟಿದಾಗಿಂದ ಅದನ್ನೇ ಕೇಳಿದ್ರೆ ಅದಕ್ಕೆ ಎಲ್ಲಾ ಇಂಗ್ಲಿಷ್ ಶಬ್ದವೂ ನೌನೇ ಅನ್ಸೂದು. ಆಮೇಲೆ ಇಂಗ್ಲಿಷ್ ಬರೆಯೋವಾಗ ‘ವೀ ಡಿಡ್ ಸೆಲೆಬ್ರೇಟ್ ದ ಬರ್ತ್‌ಡೇ’, ‘ಐ ಆಮ್ ಡೂಯಿಂಗ್ ಕುಕ್’ ಅಂತ ಮಾಡುವನ್ನೂ ಸೇರಿಸಿಯೇ ಬರೀತಾವೆ. ನನ್ನ ತಮ್ಮನ ಮಗ ಲೀವ್ ಲೆಟರಲ್ಲಿ ‘ಐ ಡೂ ಸಫರ್ ಫ್ರಂ ಫೀವರ್’ ಅಂತ ಬರ್ದಿದ್ದ, ಓದಿದ್ರೆ ಜ್ವರ ಬಂದಿದ್ದನ್ನ ಯಾರೋ ನಂಬದೇ ಇದ್ದದ್ದಕ್ಕೆ ಒತ್ತಿ ಹೇಳಿದ ಹಾಗಿತ್ತು.

ಹಾಗಾಗಿ ಮನೇಲಿ ಒಂದು ಆಟ ಮಾಡ್ಸಿ, ‘ಮಾಡು’ ಹಾಕಿ ಹೇಳ್ಬಹುದಾದ ಇಂಗ್ಲಿಷ್ ಶಬ್ದ ಎಲ್ಲಾ ಹೇಳ್ಲಿಕ್ಕೆ ಹೇಳಿ, ಅದ್ರಲ್ಲಿ ಮುಕ್ಕಾಲು ಇಂಗ್ಲಿಷಿನಲ್ಲಿ ತಮ್ಮಷ್ಟಕ್ಕೇ ವರ್ಬ್ ಆಗ್ತಾವೆ. ಗೂಗಲ್ ಮೊದಲು ಬರೀ ಕಂಪನಿ ಹೆಸರು, ಅಂದ್ರೆ ನೌನ್, 2006ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಗೆ ವರ್ಬ್ ಆಗಿಯೂ ಸೇರ್ತು.

ಮಳೆಯದ್ದೂ ಇದೇ ಕಥೆ. ಕನ್ನಡದಲ್ಲಿ ಮಳೆ ಬರ್ತದೆ, ಕೊಂಕಣಿಯಲ್ಲಿ ಪಾವ್ಸ್ ಪಡ್ತಾ, ಎರಡರಲ್ಲೂ ಮಳೆ ನಾಮಪದ, ಬರೂದು ಬೀಳೂದು ಕ್ರಿಯೆ. ಅದಕ್ಕೇ ನಮ್ಮವರು ‘ರೇನ್ ಈಸ್ ಕಮಿಂಗ್’ ಅನ್ನೂದು. ಇಂಗ್ಲಿಷಿನವರು ರೇನ್ ಅನ್ನೂದನ್ನೇ ವರ್ಬ್ ಮಾಡಿ ‘ಇಟ್ ಈಸ್ ರೇನಿಂಗ್’ ಅಂತಾರೆ, ಆ ಇಟ್ ಯಾರು ಅಂತ ನಂಗೆ ಇವತ್ತಿಗೂ ಅರ್ಥ ಆಗ್ಲಿಲ್ಲ, ಸುಮ್ಮನೆ ಜಾಗ ತುಂಬ್ಸೂದಕ್ಕೆ ನಿಂತವ. ಜೂನಲ್ಲಿ ಕಾರವಾರಕ್ಕೆ ಬಂದು ನಿಂತ್ರೆ ಮಳೆ ಬೇರೆ ಸುರಿಯೂದು ಬೇರೆ ಅಂತ ಯಾರಿಗೂ ಅನ್ಸೂದಿಲ್ಲ, ಆ ಲೆಕ್ಕದಲ್ಲಿ ಅವ್ರೇ ಸರಿ.

ಯಲ್ಲಾಪುರದಿಂದ:

ಫಾಲ್ಸ್ ಬಗ್ಗೆ ಯಾರೂ ಹೇಳ್ಲಿಲ್ವಾ? ನಮ್ಮ ಕಡೆ ಮಾಗೋಡು ಫಾಲ್ಸ್, ಸಾತೊಡ್ಡಿ ಫಾಲ್ಸ್ ಬೋರ್ಡು ನೋಡಿ ಬೆಳೆದವರಿಗೆ ಫಾಲ್ಸ್ ಅಂದ್ರೆ ಜಾಗ, ನೌನ್. ‘ದ ರಿವರ್ ಫಾಲ್ಸ್ ಫ್ರಂ ದ ರಾಕ್’ ಅಂದ್ರೆ ಅದೇ ಫಾಲ್ಸ್ ವರ್ಬ್. ಇದ್ರಲ್ಲಿ ಒಂದು ಮಜಾ ಇದೆ, ನೌನಿಗೆ ಎಸ್ ಹತ್ತಿದ್ರೆ ಬಹುವಚನ, ವರ್ಬಿಗೆ ಎಸ್ ಹತ್ತಿದ್ರೆ ಏಕವಚನ! ಬೋಟ್ಸ್ ಅಂದ್ರೆ ಸುಮಾರು ಬೋಟು, ಕಮ್ಸ್ ಅಂದ್ರೆ ಬರೂದು ಒಂದೇ. ಒಂದು ವಾಕ್ಯದಲ್ಲಿ ಒಂದೇ ಎಸ್ ಇದ್ರೆ ಸಾಮಾನ್ಯ ಸರಿ ಇರ್ತದೆ, ದ ಬೋಟ್ ಕಮ್ಸ್, ದ ಬೋಟ್ಸ್ ಕಮ್. ಎಸ್ ಒಂದೇ, ಇಬ್ಬರೂ ಹಂಚ್ಕೋಬೇಕು ಅಂತ ನನ್ನ ಮಗನಿಗೆ ಹೇಳಿಕೊಟ್ಟಿದ್ದೆ, ಹಿಡಿದ್ಬಿಟ್ಟ. ಈಗಿನ ಕಾಲದ ವಾಕ್ಯಕ್ಕೆ ಮಾತ್ರ ಇದು, ಕೇಮ್ ಬಂದ್ರೆ ಎಸ್ ಪ್ರಶ್ನೆಯೇ ಇಲ್ಲ.

ಅಂಕೋಲೆ ಹುಡ್ಗ:

ಮಾಸ್ತರೇ ಒಂದು ಡೌಟು, ಕೊನೇಲಿ ಟಿಐಒಎನ್, ಎಂಇಎನ್‌ಟಿ ಬಂದ್ರೆ ನೌನ್ ಅಂತ ನಮ್ಗೆ ಕೋಚಿಂಗಲ್ಲಿ ಹೇಳಿಕೊಟ್ಟಿದ್ರು, ಅದೂ ಬಾಲವೇ ಅಲ್ವಾ?

ಮಾಸ್ತರು ಶಿರಸಿ:

ಹೌದು ತಮಾ, ಪೂರ್ತಿ ಸವೆದಿಲ್ಲ, ಅಲ್ಲಲ್ಲಿ ಉಳ್ಕೊಂಡಿದೆ. ಎಜುಕೇಶನ್, ಪೇಮೆಂಟ್, ಡಾರ್ಕ್‌ನೆಸ್ ಎಲ್ಲಾ ನೌನ್. ಆದ್ರೆ ಕ್ವೆಶ್ಚನ್, ಮೆನ್ಶನ್, ಕಾಮೆಂಟ್ ನೋಡು, ‘ಡೋಂಟ್ ಮೆನ್ಶನ್ ಇಟ್’ ಅಂದಾಗ ಅದು ವರ್ಬ್. ಬಾಲ ನೋಡಿ ಅಂದಾಜು ಮಾಡು, ಜಾಗ ನೋಡಿ ಖಾತ್ರಿ ಮಾಡ್ಕೊ.

ಕರಾವಳಿ ಟೀಚರ್, ಹೊನ್ನಾವರ:

ಎಲ್ಲರೂ ಫಿಶಿಂಗನ್ನ ಬಿಟ್ಟೇ ಹೋಗಿದ್ದೀರಿ, ಅಕ್ಕ ಮೊದಲು ಕೇಳಿದ್ದೇ ಅದು. ನಿಜ ಹೇಳ್ಬೇಕಂದ್ರೆ ಆ ಹುಡುಗಿ ಪೂರ್ತಿ ತಪ್ಪಲ್ಲ, ನಾನಾಗಿದ್ರೆ ಪೂರಾ ಸೊನ್ನೆ ಕೊಡ್ತಿರಲಿಲ್ಲ (ನನ್ನ ಜೊತೆಯವರು ಇದನ್ನ ಒಪ್ಪೂದಿಲ್ಲ, ಇರ್ಲಿ). ಐಎನ್‌ಜಿ ನೋಡಿದ ಕೂಡ್ಲೆ ವರ್ಬ್ ಅಂತ ಮಕ್ಕಳ ತಲೇಲಿ ಕೂತಿರ್ತದೆ. ‘ದೇ ಆರ್ ಫಿಶಿಂಗ್’ನಲ್ಲಿ ವರ್ಬ್ ಹೌದು, ಆರ್ ಮತ್ತೆ ಫಿಶಿಂಗ್ ಸೇರಿ ಒಂದು ಕ್ರಿಯೆ. ‘ಫಿಶಿಂಗ್ ಈಸ್ ಬ್ಯಾನ್ಡ್’ನಲ್ಲಿ ಬ್ಯಾನ್ ಆಗಿದ್ದು ಎಂತದು ಅಂತ ಕೇಳಿ, ಉತ್ತರ ಫಿಶಿಂಗ್. ಕರ್ತೃವಿನ ಜಾಗದಲ್ಲಿ ಕೂತಿದೆ, ಅದಕ್ಕೆ ನೌನಿನ ಕೆಲಸ. ವರ್ಬು ಅಲ್ಲಿ ‘ಈಸ್ ಬ್ಯಾನ್ಡ್’. ಜೆರಂಡ್ ಅಂತ ಇದರ ಹೆಸರು.

ಅರ್ಧ ಸರಿ ಅಂತ ಎಂತಕ್ಕೆ ಹೇಳಿದ್ದು ಅಂದ್ರೆ, ಈ ಜೆರಂಡ್ ನೌನಿನ ಸೀಟಲ್ಲಿ ಕೂತ್ರೂ ವರ್ಬಿನ ಚಾಳಿ ಬಿಡೂದಿಲ್ಲ. ‘ಕ್ಯಾಚಿಂಗ್ ಮ್ಯಾಕರೆಲ್ ಈಸ್ ಹಾರ್ಡ್’ ಅನ್ನಿ, ಇಡೀ ‘ಕ್ಯಾಚಿಂಗ್ ಮ್ಯಾಕರೆಲ್’ ಕರ್ತೃ, ಆದ್ರೆ ಒಳಗೆ ಕ್ಯಾಚಿಂಗ್ ತನ್ನ ಬಂಗಡೆಯನ್ನ ಹಿಡ್ಕೊಂಡೇ ಇದೆ. ಕನ್ನಡದಲ್ಲೂ ಡಿಟ್ಟೋ. ‘ಬಂಗಡೆಯನ್ನ ಹಿಡಿಯೂದು ಕಷ್ಟ’. ಹಿಡಿಯೂದಕ್ಕೆ, ಹಿಡಿಯೂದರಿಂದ ಅಂತ ವಿಭಕ್ತಿ ಹತ್ತಿಸ್ಬಹುದು, ಅಂದ್ರೆ ನಾಮಪದದ ಬಾಲ, ಆದ್ರೂ ಕರ್ಮ ಬೇಕು ಅದಕ್ಕೆ. ಕನ್ನಡ ವ್ಯಾಕರಣದಲ್ಲಿ ಓಡು ಓಟ, ಕುಣಿ ಕುಣಿತ, ನೋಡು ನೋಟ ಅಂತ ಕೃದಂತ ಭಾವನಾಮ ಮಾಡ್ಸಿರ್ತಾರೆ, ಅದೇ ಪುಸ್ತಕ ಎದುರಿಗೆ ಇಟ್ಕೊಂಡು ಇಂಗ್ಲಿಷ್ ಹೇಳಿಕೊಟ್ರೆ ಅರ್ಧ ಕೆಲಸ ಆಯ್ತು. ಎರಡು ಪೀರಿಯಡಿನ ಮಧ್ಯೆ ಗೋಡೆ ಕಟ್ಟಿದವರು ಯಾರೋ.

ಬರೆಯೋದ್ರಲ್ಲಿ ಇನ್ನೊಂದು, ಅಡ್ವೈಸ್ ಪ್ರಾಕ್ಟಿಸ್ ಎರಡೆರಡು ಸ್ಪೆಲಿಂಗ್. ಸಿ ಇದ್ರೆ ನೌನ್, ಎಸ್ ಇದ್ರೆ ವರ್ಬ್, ನಾವು ಫಾಲೋ ಮಾಡೂದು ಬ್ರಿಟಿಷ್ ಪದ್ಧತಿ. ನೆನಪಿಗೆ ಐಸ್ ಸಾಕು. ಬಂದರಲ್ಲಿ ಮೀನಿಗೆ ಹಾಕೋ ಐಸು ವಸ್ತು, ಅದರ ಸ್ಪೆಲಿಂಗಲ್ಲಿ ಸಿ, ಅಡ್ವೈಸ್ ನೌನಿನ ಕೊನೆಗೂ ಅದೇ ಐಸು. ಓದೋವಾಗ ಅಡ್ವೈಸ್ ನೌನಿಗೆ ಸ, ವರ್ಬಿಗೆ ಝ. ಯೂಸ್, ಹೌಸ್ ಸ್ಪೆಲಿಂಗ್ ಬದಲಾಗೂದಿಲ್ಲ, ಆದ್ರೆ ಅಲ್ಲೂ ನೌನಿಗೆ ಸ ವರ್ಬಿಗೆ ಝ.

ಕಾರವಾರದಂವ:

ಟೀಚರ್ ಹೇಳಿದ್ದಕ್ಕೆ ಬಾಲಂಗೋಚಿ. ಇಂಪೋರ್ಟ್, ಎಕ್ಸ್‌ಪೋರ್ಟ್, ಪರ್ಮಿಟ್, ರೆಕಾರ್ಡ್ ಇವು ಬರೆಯೂದು ಒಂದೇ, ಹೇಳೂದು ಬೇರೆ. ನೌನಾದ್ರೆ ಮೊದಲ ತುಂಡನ್ನ ಒತ್ತಿ, ವರ್ಬಾದ್ರೆ ಎರಡನೇ ತುಂಡನ್ನ ಒತ್ತಿ. ನಮ್ಮ ಭಾಷೆಗಳಲ್ಲಿ ಹೀಗೆ ಒತ್ತಿ ಅರ್ಥ ಬದಲಾಯಿಸೋ ಪದ್ಧತಿ ಇಲ್ಲ, ಹಾಗಾಗಿ ನಂಗೆ ಬಹಳ ವರ್ಷ ಗೊತ್ತೇ ಇರಲಿಲ್ಲ, ಒಬ್ಬ ಹೊರದೇಶದ ಕ್ಯಾಪ್ಟನ್ ಹತ್ರ ಪರ್ಮಿಟ್ ಪರ್ಮಿಟ್ ಅಂತ ನಾಲ್ಕು ಸಲ ಹೇಳಿದ ಮೇಲೆ ಕಾಗದ ತೋರ್ಸಿದೆ, ಓ ಅಂದ. ರಿಪೋರ್ಟ್, ಆನ್ಸರ್, ವಿಸಿಟ್ ಮಾತ್ರ ಎರಡಕ್ಕೂ ಒಂದೇ ಥರ, ಎಲ್ಲದಕ್ಕೂ ಇದೇ ನಿಯಮ ಅಂತ ಹೋಗ್ಬೇಡಿ.

ಮತ್ತೊಂದು ತಮಾಷೆ, ಮನೇಲಿ ಬೋಟಿನವರಿದ್ದಾರಲ್ಲ ಅದಕ್ಕೆ ಹೇಳ್ತೆ. ‘ವೀ ಕೆನ್ ಫಿಶ್’. ಯಾವುದು ವರ್ಬ್? ನಾವು ಮೀನು ಹಿಡಿಯಬಲ್ಲೆವು ಅಂತಲೂ ಆಗ್ತದೆ. ಕೆನ್ ಅಂದ್ರೆ ಡಬ್ಬಿ, ಡಬ್ಬಿಗೆ ತುಂಬೂದು ಅಂತ ವರ್ಬೂ ಹೌದು, ಆಗ ನಾವು ಮೀನನ್ನ ಡಬ್ಬಿಗೆ ತುಂಬ್ತೇವೆ ಅಂತ ಆಗ್ತದೆ, ಫಿಶ್ ನೌನ್. ಇಲ್ಲಿ ಜಾಗ ನೋಡಿದ್ರೂ ಗೊತ್ತಾಗೂದಿಲ್ಲ, ಹೇಳಿದವ ಬೋಟಿನವನಾ ಫ್ಯಾಕ್ಟರಿಯವನಾ ಅಂತ ಕೇಳ್ಬೇಕು.

ಮಾಸ್ತರು ಶಿರಸಿ:

ಇದಕ್ಕೂ ‘ನಿನ್ನೆ’ ಹಾಕಿ ಮಾರಾಯ್ರೆ. ವೀ ಕುಡ್ ಫಿಶ್ ಅಂದ್ರೆ ಬೋಟಿನವ, ವೀ ಕ್ಯಾನ್ಡ್ ಫಿಶ್ ಅಂದ್ರೆ ಫ್ಯಾಕ್ಟರಿಯವ.

ಕಾರವಾರದಂವ:

ಮಾಸ್ತರೇ ಶರಣು 🙏

ಕುಮಟಾ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎರಡು ದಿನ ಬಿಟ್ಟು ಬರೀತಾ ಇದ್ದೇನೆ, ಮಳೆಗೆ ಕರೆಂಟೂ ಇರಲಿಲ್ಲ ನೆಟ್ಟೂ ಇರಲಿಲ್ಲ. ಅದೇ ಕರೆಂಟ್ ಇಲ್ಲದ ರಾತ್ರಿ ಮಗಳನ್ನ ಕೂರ್ಸಿ ಒಂದು ಹಾಡು ಹಾಡು ಅಂತಲೇ ಶುರು ಮಾಡಿದೆ, ಹಾಡಿನ ಹಾಡಿದ ಅಂದ ಕೂಡ್ಲೆ ಅವಳೇ ನಗುವಿನ ನಕ್ಕ, ಬೆಳೆಯ ಬೆಳೆದ ಅಂತ ಹೇಳ್ತಾ ಹೋದ್ಲು, ನಾನು ಬಾಯಿ ತೆಗೆಯೂದೇ ಬೇಡ. ನಿನ್ನೆ ಹಾಕೋ ಆಟ ಇವರಪ್ಪನಿಗೂ ಹಿಡಿಸಿ ಹೋಗಿದೆ, ಬಲೆ ಹೊಲೀತಾ ಅವರು ಒಂದೊಂದು ಇಂಗ್ಲಿಷ್ ಶಬ್ದ ಎಸೆಯೂದು, ಇವಳು ಎರಡೂ ಥರ ವಾಕ್ಯ ಮಾಡೂದು. ಎಂಜಿನ್ ಅಂದ್ರು, ಇವಳಿಗೆ ವರ್ಬ್ ವಾಕ್ಯ ಮಾಡ್ಲಿಕ್ಕೆ ಬರ್ಲಿಲ್ಲ, ಆಯಿಲ್ ಅಂದ್ರು, ‘ಪ್ಲೀಸ್ ಆಯಿಲ್ ದ ಎಂಜಿನ್’ ಅಂದ್ಲು.

ಟೀಚರ್, ಫಿಶಿಂಗ್ ಅರ್ಧ ಸರಿ ಅಂತ ನೀವು ಬರ್ದಿದ್ದನ್ನ ಓದಿ ಹೇಳಿದೆ, ಅರ್ಧ ಮಾರ್ಕ್ಸ್ ಕೇಳಿ ಬರ್ತೆ ಅಂತ ಹೊರಟಿದ್ದಾಳೆ, ನಾಚಿಕೆ ಎಲ್ಲಾ ಎಲ್ಲಿ ಹೋಯ್ತೋ.

ಇವತ್ತು ಸಂಜೆ ಗಣಿತದ ಪುಸ್ತಕ ಹಿಡ್ಕೊಂಡು ಓಡಿ ಬಂದ್ಲು. ಇಂಗ್ಲಿಷ್ ಮೀಡಿಯಂನಲ್ಲಿ ಸರಾಸರಿಗೆ ಮೀನ್ ಅಂತಾರಂತೆ. ಅಮ್ಮ, ವಾಟ್ ಡು ಯು ಮೀನ್ ಅಂದ್ರೆ ಮೀನ್ ವರ್ಬು, ಇಲ್ಲಿ ಫೈಂಡ್ ದ ಮೀನ್ ಅಂತ ಉಂಟು, ಎದುರಿಗೆ ದ ಇದೆ, ಹಾಗಾದ್ರೆ ನೌನು, ಸರೀನಾ ಅಂದ್ಲು. ಸರಿ ಅಂದೆ. ಜಗಲಿಯಿಂದ ಇವರಪ್ಪ ಕೇಳಿಸ್ಕೊಂಡು, ಫೈಂಡ್ ದ ಮೀನಾ, ಆಗಸ್ಟ್ ಒಂದಕ್ಕೆ ಬಂದರಿಗೆ ಬಾ, ತೋರಿಸ್ತೆ ಅಂದ್ರು.